ಗೇಟಿನ ಹೊರಗೆ ಜಾಕೆಟ್: ಒಂದು ಹಾಸ್ಟೆಲ್ ಪ್ರಕರಣ

ಈ ಬರಹದಲ್ಲಿ ಹುಡುಗರ ಹೆಸರಿಲ್ಲ, ಕಾಲೇಜಿನ ಹೆಸರೂ ಇಲ್ಲ. ಬೆಂಗಳೂರಿನ ಹೊರವಲಯದ ಒಂದು ಡಿಗ್ರಿ ಕಾಲೇಜು ಅಂದರೆ ಸಾಕು, ಅಂಥವು ಬೇಕಾದಷ್ಟಿವೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬದಲಿಸದೆ ಉಳಿಸಿಕೊಂಡಿದ್ದು ಈಶಾನ್ಯ ರಾಜ್ಯಗಳವರನ್ನು ಹೀಯಾಳಿಸಲು ಬಳಸುವ ಒಂದು ಪದವನ್ನು. ಅದನ್ನು ಚುಕ್ಕಿ ಇಟ್ಟು ಮುಚ್ಚಬಹುದಿತ್ತು. ಆದರೆ ನಡೆದದ್ದೆಲ್ಲ ಅದರ ಸುತ್ತಲೇ. ಹಾಗಾಗಿ ಬೇಕಾದ ಕಡೆ ಬರೆದಿದ್ದೇನೆ, ಮಿಕ್ಕ ಕಡೆ 'ಆ ಪದ' ಅಂದಿದ್ದೇನೆ.

ನಾನು ಪಾಠ ಮಾಡುವುದು ಅಕೌಂಟೆನ್ಸಿ. ಜೊತೆಗೆ ಆರು ವರ್ಷ ಹುಡುಗರ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಬೈಗುಳದ ವಿಷಯದಲ್ಲಿ ನಾನೇನೂ ಪಂಡಿತನಲ್ಲ. ಈ ಪ್ರಕರಣದಲ್ಲಿ ಎರಡು ತೀರ್ಮಾನ ತಪ್ಪಾಗಿ ತೆಗೆದುಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಕೊರೊನಾ ಮುಗಿದು ಕಾಲೇಜು ಪೂರ್ತಿ ತೆರೆದ ವರ್ಷ. ಹುಡುಗರ ಹಾಸ್ಟೆಲ್, ಹುಡುಗಿಯರ ಹಾಸ್ಟೆಲ್ ಬೇರೆ ಬೇರೆ, ಮೆಸ್ ಮಾತ್ರ ಒಂದೇ. ಎರಡೂ ಕಡೆ ಸೇರಿ ಹತ್ತೊಂಬತ್ತು ಮಂದಿ ಈಶಾನ್ಯದವರು. 'ಈಶಾನ್ಯದವರು' ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಸಿಕ್ಕಿಂ ಸೇರಿದರೆ ಅದು ಎಂಟು ರಾಜ್ಯ. ಮಣಿಪುರದ ಹುಡುಗನಿಗೂ ನಾಗಾಲ್ಯಾಂಡ್ ಹುಡುಗಿಗೂ ಮಾತಾಡಲು ಇಂಗ್ಲಿಷೇ ಬೇಕು. ಬೆಳಗಾವಿಯವನೂ ಕಾಸರಗೋಡಿನವನೂ ಕನ್ನಡದಲ್ಲಾದರೂ ಜಗಳ ಆಡಬಹುದು, ಇವರಿಗೆ ಆ ಭಾಗ್ಯವೂ ಇಲ್ಲ.

ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಡುಮ್ಮ, ಗೂಬೆ, ತಾತ. ಬಾಗಲಕೋಟೆ ಹುಡುಗನಿಗೆ 'ರೊಟ್ಟಿ'. ಕಪ್ಪಗಿದ್ದವನಿಗೆ 'ಕರಿಯ'. ಹೋಗಲಿ ಬಿಡಿ, ಹುಡುಗರು ಅಂತ ನಾವೂ ಸುಮ್ನೆ ಇರುತ್ತಿದ್ದೆವು. ಈಶಾನ್ಯದ ಏಳೆಂಟು ಹುಡುಗರಿಗೆ ಸೇರಿ ಒಂದೇ ಅಡ್ಡಹೆಸರಿತ್ತು: ಚಿಂಕಿ. ಇದನ್ನು ಆಗ ನಾನು ಗಮನಿಸಿರಲಿಲ್ಲ. ಡುಮ್ಮ ಅಂದರೆ ಒಬ್ಬನೇ ತಿರುಗಿ ನೋಡುತ್ತಿದ್ದ. ಈ ಪದಕ್ಕೆ ಒಂದು ಇಡೀ ಬೆಂಚು ತಿರುಗಿ ನೋಡುತ್ತಿತ್ತು.

ಪದದ ಹುಟ್ಟು ಇಲ್ಲಿಯದಲ್ಲ. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಚೀನಾದಿಂದ ಬಂದ ಕೂಲಿಗಳನ್ನು ಬೈಯಲು 'ಚಿಂಕ್' ಎನ್ನುತ್ತಿದ್ದರು. 1882ರಲ್ಲಿ ಆ ದೇಶ ಚೀನೀ ಕೂಲಿಗಳು ಬರಲೇಬಾರದು ಎಂದು ಕಾನೂನನ್ನೇ ಮಾಡಿತು. ನಮ್ಮಲ್ಲಿ ಅದಕ್ಕೊಂದು ಬಾಲ ಸೇರಿತು, ಕೇಳಲು ಮುದ್ದಾಯಿತು. ಅರ್ಥ ಮಾತ್ರ ಅದೇ: ನೀನು ಇಲ್ಲಿಯವನಲ್ಲ, ಚೀನಾದವನು.

ನಾನು ಕ್ಯಾಪ್ಟನ್ ಅಂತ ಕರೆಯಲಿರುವ ಹುಡುಗ ಇಂಫಾಲದವನು, ಎರಡನೇ ವರ್ಷದ ಬಿಕಾಂ. ಅವನ ಅಣ್ಣ ಬೆಂಗಳೂರಲ್ಲೇ ಕೆಲಸದಲ್ಲಿದ್ದವನು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತದೆಂದು ಎಸ್ಸೆಮ್ಮೆಸ್‌ನಲ್ಲಿ ಗಾಳಿಸುದ್ದಿ ಹಬ್ಬಿ, ಸಾವಿರಾರು ಜನ ಮೆಜೆಸ್ಟಿಕ್ ಪಕ್ಕದ ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗಾಗಿ ಮುಗಿಬಿದ್ದಿದ್ದರು, ನೆನಪಿದೆಯಲ್ಲ? ಆ ಗುಂಪಿನಲ್ಲಿ ಅವನೂ ಇದ್ದ. ಮತ್ತೆ ವಾಪಸ್ ಬರಲಿಲ್ಲ. ತಮ್ಮ ಮಾತ್ರ ಹತ್ತು ವರ್ಷದ ಮೇಲೆ ಅದೇ ಊರಿಗೆ ಓದಲು ಬಂದ.

ಹಳದಿ ಜರ್ಸಿ

ವಿಭಾಗಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಗೆ ಹುಡುಗರು ಒಂದು ತಂಡ ಕಟ್ಟಿದರು. ಹನ್ನೊಂದರಲ್ಲಿ ಏಳು ಈಶಾನ್ಯದವರು, ನಾಲ್ಕು ನಮ್ಮವರು. ಗೋಲ್‌ಕೀಪರ್ ಹಾಸನ ಕಡೆಯವನು. ತಂಡದ ಹೆಸರು 'ಚಿಂಕಿ ಬಾಯ್ಸ್'. ಹಳದಿ ಜರ್ಸಿ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ, ಅದೂ ಕನ್ನಡದಲ್ಲಿ. ಕನ್ನಡದಲ್ಲಿ ಹಾಕಿಸಿದರೆ ಮಜಾ ಇರುತ್ತೆ ಅಂದಿದ್ದು ಕೀಪರ್.

ನಾನು ಕ್ಯಾಪ್ಟನ್‌ನನ್ನು ರೂಮಿಗೆ ಕರೆದೆ. "ಇದೇನಯ್ಯಾ ಇದು?" ಅಂದೆ.

"ನಾವೇ ಇಟ್ಕೊಂಡಿದ್ದು ಸರ್. ಹೇಗೂ ಕರೀತಾರೆ. ನಾವೇ ಮೊದಲು ಹೇಳಿಬಿಟ್ಟರೆ ಅವರ ಕೈಲಿ ಏನು ಉಳಿಯುತ್ತೆ?"

ಅವನು ಸುಮ್ನೆ ಹೇಳಿದ್ದಲ್ಲ, ಓದಿಕೊಂಡೇ ಬಂದಿದ್ದ. ಅಮೆರಿಕದ ಪೋರ್ಟ್‌ಲ್ಯಾಂಡಿನ ಒಂದು ರಾಕ್ ಬ್ಯಾಂಡ್ ಕಥೆ ಹೇಳಿದ. 2006ರಲ್ಲಿ ಸೈಮನ್ ಟ್ಯಾಮ್ ಎಂಬಾತ ಏಷ್ಯಾ ಮೂಲದವರನ್ನು ಸೇರಿಸಿ ಕಟ್ಟಿದ ಬ್ಯಾಂಡು. ಹೆಸರು 'ದಿ ಸ್ಲ್ಯಾಂಟ್ಸ್'. ಓರೆಗಣ್ಣಿನವರು ಎಂಬ ಬೈಗುಳ. ಇದು ಒಂದು ಸಮುದಾಯಕ್ಕೆ ಅವಮಾನ ಎಂದು ಸರ್ಕಾರಿ ಕಚೇರಿ ಟ್ರೇಡ್‌ಮಾರ್ಕ್ ಕೊಡಲಿಲ್ಲ. ಅವಮಾನ ಯಾರಿಗೆ, ಆ ಸಮುದಾಯ ನಾವೇ ಅಲ್ವಾ ಎಂದು ಆತ ಕೋರ್ಟಿಗೆ ಹೋದ. 2017ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳು ಅವನ ಪರ ತೀರ್ಪು ಕೊಟ್ಟರು.

ನನಗೆ ಹುಡುಗ ಇಷ್ಟವಾದ. ಇಷ್ಟು ಯೋಚಿಸಿದ್ದಾನಲ್ಲ ಅನ್ನಿಸಿ "ಆಯ್ತು, ಆಡಿ" ಅಂದೆ. ಇದು ನನ್ನ ಮೊದಲ ತೀರ್ಮಾನ. ಅವನನ್ನು ಕೇಳಿದೆ. ಬೇರೆ ಯಾರನ್ನೂ ಕೇಳಲಿಲ್ಲ. ಏಳು ಜನ ಆಟಗಾರರು ಒಪ್ಪಿದ್ದರು ಸರಿ, ಹಾಸ್ಟೆಲ್‌ನಲ್ಲಿ ಹತ್ತೊಂಬತ್ತು ಜನರಿದ್ದರು.

ಮೊದಲ ಕೆಲವು ವಾರ ಅವನ ಲೆಕ್ಕವೇ ಸರಿಯಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮೊದಲ ಪಂದ್ಯದಲ್ಲಿ ಮೈದಾನದ ಆ ಬದಿಯಿಂದ ಎದುರು ತಂಡದವರು ಆ ಪದ ಹಿಡಿದು ಕೂಗಿದರು. ಕ್ಯಾಪ್ಟನ್ ಬಾಲ್ ನಿಲ್ಲಿಸಿದ. ಎದೆಯ ಮೇಲಿದ್ದ ಅಕ್ಷರಗಳನ್ನು ಬೆರಳಿಂದ ಒಂದೊಂದಾಗಿ ತೋರಿಸಿದ, ಮಗ್ಗಿ ಹೇಳಿಕೊಡುವ ಮೇಷ್ಟ್ರ ಹಾಗೆ. ಆಮೇಲೆ ಕೈ ಕಿವಿಗಿಟ್ಟು, ಕೇಳಿಸ್ತಿಲ್ಲ ಜೋರಾಗಿ ಹೇಳಿ ಅನ್ನುವಂತೆ ನಿಂತ. ಕೂಗು ಅಲ್ಲೇ ಪೊಳ್ಳಾಯಿತು. ಕೂಗಿದವರೇ ನಕ್ಕರು. ಮೂರು ನಿಮಿಷಕ್ಕೆ ಅವನು ಗೋಲ್ ಹೊಡೆದ. ಆಗ ಅವನ ಪರವಾಗಿ ಅದೇ ಪದ ಕೂಗಿದ್ದು ನಮ್ಮ ಕಾಮರ್ಸ್ ವಿಭಾಗದ ಹುಡುಗಿಯರು. ನಾನು ಅಲ್ಲೇ ಇದ್ದೆ. ಬೈಗುಳ ಕಣ್ಣೆದುರೇ ಜೈಕಾರ ಆಗಿದ್ದನ್ನು ನೋಡಿದೆ. ಪದಕ್ಕೆ ಹಲ್ಲು ಉದುರಿತು ಅಂತ ಅವತ್ತು ನಿಜವಾಗಿಯೂ ನಂಬಿದ್ದೆ.

ಇನ್ನೊಂದನ್ನೂ ನೋಡಿದ್ದೆ, ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ. ಪಂದ್ಯ ಮುಗಿಸಿ ಹುಡುಗರು ಗೇಟಿನಾಚೆ ಟೀ ಅಂಗಡಿಗೆ ಹೋಗುತ್ತಿದ್ದರು. ಏಪ್ರಿಲ್ ಬಿಸಿಲು, ಬೆವರಲ್ಲಿ ತೊಯ್ದಿರುತ್ತಿದ್ದರು. ಆದರೂ ಕ್ಯಾಪ್ಟನ್ ಗೇಟ್ ಹತ್ತಿರ ನಿಂತು ಜಾಕೆಟ್ ಹಾಕಿ ಕತ್ತಿನವರೆಗೂ ಜಿಪ್ ಎಳೆದುಕೊಳ್ಳುತ್ತಿದ್ದ. ಗುಡ್ಡದ ಕಡೆಯ ಹುಡುಗ, ಏನೋ ಅಭ್ಯಾಸ ಇರಬೇಕು ಅಂದುಕೊಂಡೆ. ಇಂಫಾಲ ಇರುವುದು ಬಯಲಿನಲ್ಲಿ ಅಂತ ಕೂಡ ನನಗೆ ಆಗ ಗೊತ್ತಿರಲಿಲ್ಲ.

ಭಟ್ಟರು ಕೇಳಿದ ಪ್ರಶ್ನೆ

ಮೆಸ್ಸಿನ ಭಟ್ಟರು ಉಡುಪಿ ಕಡೆಯವರು, ವಯಸ್ಸು ಅರವತ್ತರ ಹತ್ತಿರ. ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಹುಡುಗರನ್ನು ಕಂಡರೆ ಪ್ರೀತಿ ಜಾಸ್ತಿ. ಜರ್ಸಿ ಮೇಲೆ ಕನ್ನಡದಲ್ಲಿ ಬರೆದಿತ್ತಲ್ಲ, ಓದಿಕೊಂಡರು. ಪಿಂಕಿ, ರಿಂಕಿ ಇದ್ದ ಹಾಗೆ ಇವರ ಕಡೆ ಚಿಂಕಿ ಅಂತ ಒಂದು ಹೆಸರೋ, ಮನೆತನವೋ ಇರಬೇಕು ಅಂದುಕೊಂಡರು. ಇದು ತಮಾಷೆಯಲ್ಲ, ಅವರು ನಿಜವಾಗಿಯೂ ಹಾಗೇ ತಿಳಿದಿದ್ದರು. "ಏ ಚಿಂಕಿ, ಇನ್ನೊಂದು ಸೌಟು ಸಾರು ಹಾಕ್ಲಾ?" ಅಂತ ಕ್ಯಾಪ್ಟನ್‌ಗೆ ಕೇಳುತ್ತಿದ್ದರು. ಅವನೂ ತಟ್ಟೆ ಚಾಚುತ್ತಿದ್ದ.

ಜುಲೈನಲ್ಲಿ ಹೊಸ ಬ್ಯಾಚ್ ಬಂತು. ಅದರಲ್ಲಿ ನಾಗಾಲ್ಯಾಂಡಿನ ಒಬ್ಬಳು ಹುಡುಗಿ. ಊಟಕ್ಕೆ ಮೊದಲ ದಿನ ಸಾಲಿನಲ್ಲಿ ನಿಂತಿದ್ದಾಳೆ. ಭಟ್ಟರು ಅವಳ ಮುಖ ನೋಡಿ, ಪರಿಚಯದವರು ಸಿಕ್ಕಿದ ಖುಷಿಯಲ್ಲಿ ಕೇಳಿದರು: "ನೀನೂ ಚಿಂಕಿಯಾ ಮಗಾ?"

ಹುಡುಗಿಗೆ ಕನ್ನಡ ಬಾರದು. ಆ ವಾಕ್ಯದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಪದ. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಅವಳು ತಟ್ಟೆಯನ್ನು ಕೌಂಟರ್ ಮೇಲಿಟ್ಟು ಹೊರಟುಹೋದಳು. ಐದು ದಿನ ಮೆಸ್ ಕಡೆ ಬರಲಿಲ್ಲ. ಬ್ರೆಡ್ಡು, ನೂಡಲ್ಸ್ ತಿಂದುಕೊಂಡು ರೂಮಿನಲ್ಲೇ ಇದ್ದಳು. ಹುಡುಗಿಯರ ಹಾಸ್ಟೆಲ್ ಮೇಡಂ ಕೇಳಿದ ಮೇಲೆ ವಿಷಯ ನನ್ನ ಹತ್ತಿರ ಬಂತು.

ಅವಳು ದೆಹಲಿಯಲ್ಲಿ ಅಕ್ಕನ ಜೊತೆ ಇದ್ದು ಹೈಸ್ಕೂಲ್ ಓದಿದವಳು. 2020ರ ಮಾರ್ಚ್‌ನಲ್ಲಿ ಹಾಲು ತರಲು ಹೋದಾಗ ಇಬ್ಬರು ಬೈಕಿನವರು ಇದೇ ಪದ ಕೂಗಿ, 'ಕೊರೊನಾ' ಅಂತ ಸೇರಿಸಿ, ಅಕ್ಕನ ಮೇಲೆ ಉಗುಳಿ ಹೋಗಿದ್ದರು. ನಮ್ಮ ಕಡೆ ಹಾಗಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಮೈಸೂರಿನಲ್ಲಿ ನಾಗಾಲ್ಯಾಂಡಿನ ಇಬ್ಬರು ವಿದ್ಯಾರ್ಥಿಗಳನ್ನು ನೀವು ಭಾರತದವರಲ್ಲ ಎಂದು ಸೂಪರ್ ಮಾರ್ಕೆಟ್ ಒಳಗೆ ಬಿಡದೆ, ಪೊಲೀಸ್ ಕೇಸ್ ಆಗಿತ್ತು.

ಈ ಪ್ರಕರಣದ ನಿಜವಾದ ಪ್ರಶ್ನೆ ಇಲ್ಲಿದೆ ಅನ್ನಿಸುತ್ತದೆ. ಪದ ಹೇಳುವವನ ಬಾಯಲ್ಲಿ ಅದಕ್ಕೆ ಒಂದು ಚೂರೂ ವಿಷ ಇರಬಾರದು ಅಂದರೆ ಭಟ್ಟರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅವರಿಗೆ ಅದು ಬೈಗುಳ ಅಂತಲೇ ತಿಳಿದಿರಲಿಲ್ಲ. ಅವರ ಮಟ್ಟಿಗೆ ಪದ ಪೂರ್ತಿ ಸತ್ತಿತ್ತು. ಆದರೂ ಸೌಟಿನ ಆ ಬದಿಯಿಂದ ಈ ಬದಿಗೆ ಬರುವಷ್ಟರಲ್ಲಿ ಅದಕ್ಕೆ ಜೀವ ಬಂದಿತ್ತು.

ನನ್ನ ಸರ್ಕ್ಯುಲರ್

ನಾನು ಮಾಡಿದ್ದು ಎಲ್ಲ ವಾರ್ಡನ್‌ಗಳೂ ಮಾಡುವ ಕೆಲಸವನ್ನೇ. ನೋಟಿಸ್ ಬೋರ್ಡಿಗೆ ಸರ್ಕ್ಯುಲರ್ ಹಚ್ಚಿದೆ. ಆ ಪದ ಬಳಸಿದರೆ 500 ರೂಪಾಯಿ ದಂಡ, ಜರ್ಸಿ ನಿಷೇಧ, "ಒಬ್ಬ ವಿದ್ಯಾರ್ಥಿನಿ ನೀಡಿದ ದೂರಿನ ಮೇರೆಗೆ". ಈ ಕೊನೆಯ ಮಾತು ಬರೆಯಬಾರದಿತ್ತು. ಹೊಸದಾಗಿ ಬಂದ ನಾಗಾ ಹುಡುಗಿ ಇದ್ದದ್ದೇ ಒಬ್ಬಳು. ಹೆಸರು ಬರೆಯದೆ ಹೆಸರು ಬರೆದಂತಾಯಿತು.

ಎರಡೇ ದಿನದಲ್ಲಿ ಆ ಪದ ನಿಂತುಹೋಯಿತು. ಅದರ ಜಾಗಕ್ಕೆ 'ಮೋಮೋ' ಬಂತು. ಮೋಮೋ ಮೇಲೆ ದಂಡ ಹಾಕುವುದು ಹೇಗೆ? ಅದೊಂದು ತಿಂಡಿ, ಗೇಟಿನ ಎದುರೇ ಗಾಡಿಯಲ್ಲಿ ಮಾರುತ್ತಾರೆ. ಆಮೇಲೆ '500' ಅಂತ ಕರೆಯಲು ಶುರು ಮಾಡಿದರು. "ಏ ಐನೂರು, ಬಾರೋ." ನನ್ನ ದಂಡದ ಮೊತ್ತವೇ ಹೊಸ ಬೈಗುಳ ಆಯಿತು. ಅಕೌಂಟೆನ್ಸಿ ಮೇಷ್ಟ್ರಿಗೆ ಇದಕ್ಕಿಂತ ಅವಮಾನ ಬೇಕಾ?

ಅದಕ್ಕಿಂತ ಕೆಟ್ಟದ್ದು, ತಂಡದ ಸಿಟ್ಟೆಲ್ಲ ಹುಡುಗಿಯ ಮೇಲೆ ತಿರುಗಿತು. ಸೆಮಿಫೈನಲ್‌ಗೆ ಮುಂಚೆ ಜರ್ಸಿ ಹೋಗಿತ್ತು. ಬಿಳಿ ಬನಿಯನ್ ಹಾಕಿಕೊಂಡು ಆಡಿ ಸೋತರು. ಅವಳೊಡನೆ ಮೊದಲು ಮಾತು ಬಿಟ್ಟಿದ್ದು ಈಶಾನ್ಯದ ಹುಡುಗರೇ. ಕನ್ನಡದ ಹುಡುಗರು ಆಮೇಲೆ. ಅವಳಿಗೆ ಇದ್ದ ಹದಿನೆಂಟು ಜನರ ಬಳಗವನ್ನೂ ನಾನು ಒಂದು ಹಾಳೆ ಕಾಗದದಿಂದ ಕಿತ್ತುಕೊಂಡಿದ್ದೆ.

ಪ್ರಿನ್ಸಿಪಾಲರು ಸಭೆ ಕರೆದರು. ಕಾನೂನು ಏನಿದೆ ಅಂದರು. ಒಬ್ಬರು ಜಾತಿನಿಂದನೆ ಕಾಯ್ದೆ ನೆನಪಿಸಿದರು. ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಈಶಾನ್ಯದವರನ್ನು ಈ ಪದದಿಂದ ಹೀಯಾಳಿಸಿದರೆ ಆ ಕಾಯ್ದೆ ಬಳಸಿ ಎಂದು ಕೇಂದ್ರ ಗೃಹ ಇಲಾಖೆ 2012ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಆದರೆ ಕ್ಯಾಪ್ಟನ್ ಮಣಿಪುರದ ಮೈತೇಯಿ ಸಮುದಾಯದವನು. ಆ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ಇಲ್ಲ. ಅದೇ ಪದ, ಅದೇ ಮೆಸ್ಸಿನ ಸಾಲು, ಅವನಿಗೆ ಆ ಕಾಯ್ದೆಯ ನೆರಳಿಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಸತ್ತಿದ್ದನ್ನೂ ಒಬ್ಬರು ಎತ್ತಿದರು. ಅಂಗಡಿಯಲ್ಲಿ ಅವನ ಕೂದಲು ನೋಡಿ ಗೇಲಿ ಮಾಡಿದ್ದು, ಮಾತಿಗೆ ಮಾತು ಬೆಳೆದು ಹೊಡೆತ, ಮರುದಿನ ಸಾವು. ಆಮೇಲೆ ಬಂದ ಬೇಜ್‌ಬರುವಾ ಸಮಿತಿ ಇಂಥ ಜನಾಂಗ ನಿಂದನೆಗೆಂದೇ ದಂಡ ಸಂಹಿತೆಯಲ್ಲಿ ಹೊಸ ಕಲಂ ಸೇರಿಸಿ ಎಂದಿತ್ತು.

ನಮಗೆ ಹತ್ತಿರವಾದದ್ದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ರ‍್ಯಾಗಿಂಗ್ ತಡೆ ನಿಯಮ. 2016ರ ತಿದ್ದುಪಡಿಯಲ್ಲಿ ಬಣ್ಣ, ಜನಾಂಗ, ಪ್ರದೇಶ, ಭಾಷೆ ಹಿಡಿದು ವಿದ್ಯಾರ್ಥಿಯನ್ನು ಕಾಡುವುದನ್ನೂ ರ‍್ಯಾಗಿಂಗ್ ಎಂದು ಸೇರಿಸಿದ್ದಾರೆ. ಅದು ನನ್ನ ಕಪಾಟಿನಲ್ಲೇ ಇತ್ತು. ಪ್ರತಿ ವರ್ಷ ಅಫಿಡವಿಟ್ ತೆಗೆದುಕೊಳ್ಳುತ್ತಿದ್ದೆ, ಓದಿರಲಿಲ್ಲ.

ಆ ಸಭೆಯಲ್ಲಿ ಉಪಯೋಗಕ್ಕೆ ಬಂದ ಮಾತು ಕನ್ನಡ ಮೇಷ್ಟ್ರದು. ಅವರು ದಲಿತರು. ಸಾಮಾನ್ಯವಾಗಿ ಸಭೆಯಲ್ಲಿ ಮಾತಾಡುವವರಲ್ಲ. "ಸಿದ್ದಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಕವನ ಸಂಕಲನದ ಹೆಸರಲ್ಲೇ ನಮ್ಮನ್ನು ಬೈಯೋ ಜಾತಿ ಹೆಸರು ಹಾಕಿದ್ರು. ಅದನ್ನ ಓದಿ ಎದೆ ಉಬ್ಬಿಸಿಕೊಂಡು ಓಡಾಡಿದವನು ನಾನು" ಅಂದರು. ಸ್ವಲ್ಪ ತಡೆದು, "ಹಾಗಂತ ನಾಳೆ ನೀವು ಕಾರಿಡಾರ್‌ನಲ್ಲಿ ನನ್ನನ್ನ ಆ ಹೆಸರು ಹಿಡಿದು ಕರೆದ್ರೆ ಸುಮ್ನೆ ಇರ್ತೀನಾ ಸಾರ್? ಪುಸ್ತಕದ ಮೇಲಿರೋದು ನಿಮಗೆ ಕೊಟ್ಟ ಪರ್ಮಿಷನ್ ಅಲ್ಲ."

ಕೂತು ಮಾತಾಡಿದ್ದು

ಸರ್ಕ್ಯುಲರ್ ಕಿತ್ತು ಹಾಕಿದೆ. ಒಂದು ಭಾನುವಾರ ಮಧ್ಯಾಹ್ನ ಮೆಸ್ಸಿನಲ್ಲೇ ತಂಡದವರನ್ನೂ ಈಶಾನ್ಯದ ಮಕ್ಕಳನ್ನೂ ಕೂರಿಸಿದೆವು. ಕನ್ನಡ ಮೇಷ್ಟ್ರು, ಹುಡುಗಿಯರ ಹಾಸ್ಟೆಲ್ ಮೇಡಂ ಇದ್ದರು. ಹುಡುಗಿಗೆ ಬರಲೇಬೇಕೆಂದಿಲ್ಲ ಅಂತ ಮೊದಲೇ ಹೇಳಿದ್ದೆವು. ಅವಳು ಬಂದಳು, ಬಾಗಿಲ ಪಕ್ಕ ಕೂತಳು.

ನಾನು ಜಾಣತನ ತೋರಿಸಲು ಹೋದೆ. ಮದುವೆಗೆ ಮುಂಚೆ ಎರಡು ವರ್ಷ ದೆಹಲಿಯಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ನನ್ನನ್ನು 'ಮದ್ರಾಸಿ' ಅನ್ನುತ್ತಿದ್ದರು. ನಾನು ಮಂಡ್ಯದವನು, ಮದ್ರಾಸ್ ಅಲ್ಲ, ಅಂತ ಶುರುವಿನಲ್ಲಿ ವಾದ ಮಾಡಿ ಆಮೇಲೆ ಸಾಕಾಗಿ ನಾನೇ "ಹಾಂ, ಮದ್ರಾಸಿ" ಅಂತ ನಗುತ್ತಿದ್ದೆ. "ನಕ್ಕುಬಿಟ್ಟರೆ ಹಗುರ ಆಗುತ್ತೆ, ನನಗೂ ಗೊತ್ತು" ಅಂದೆ.

ಹುಡುಗಿ ಅವತ್ತು ಮೊದಲ ಸಲ ಬಾಯಿ ಬಿಟ್ಟಳು. "ಸರ್, ನಿಮಗೆ ವಾಪಸ್ ಬರೋಕೆ ಬೆಂಗಳೂರಿತ್ತು. ಇಲ್ಲಿ ನಿಮ್ಮನ್ನ ಮದ್ರಾಸಿ ಅನ್ನೋರು ಯಾರೂ ಇಲ್ಲ. ನಾವು ಓದೋಕೆ, ಕೆಲಸಕ್ಕೆ ಎಲ್ಲಿಗೆ ಹೋದರೂ ಅದು ನಮಗಿಂತ ಮೊದಲೇ ಬಂದಿರುತ್ತೆ."

ನಾನು ಸುಮ್ಮನಾದೆ. ಕ್ಯಾಪ್ಟನ್ ಅವಳ ಕಡೆ ತಿರುಗಿ ತನ್ನ ಹಳೇ ವಾದವನ್ನೇ ಹೇಳಿದ. ಹೆದರಿದಷ್ಟೂ ಪದಕ್ಕೆ ಬಲ ಜಾಸ್ತಿ, ನಾವೇ ಹಾಕಿಕೊಂಡರೆ ಅದು ನಮ್ಮದು, ಆ ಅಮೆರಿಕದ ಬ್ಯಾಂಡು, ಆ ತೀರ್ಪು. ಹುಡುಗಿಗೂ ಆ ತೀರ್ಪು ಗೊತ್ತಿತ್ತು. ಅದರ ಇನ್ನರ್ಧ ಅವಳು ಹೇಳಿದಳು. ವಾಷಿಂಗ್ಟನ್‌ನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು 'ರೆಡ್‌ಸ್ಕಿನ್ಸ್'. ಅಲ್ಲಿನ ಮೂಲನಿವಾಸಿಗಳ ಮೇಲಿನ ಬೈಗುಳ. ತಂಡದ ಮಾಲೀಕ ಮೂಲನಿವಾಸಿಯಲ್ಲ. ಅವರ ಟ್ರೇಡ್‌ಮಾರ್ಕ್ 2014ರಲ್ಲಿ ರದ್ದಾಗಿತ್ತು. ಬ್ಯಾಂಡಿನ ಹುಡುಗರು ಗೆದ್ದ ಅದೇ ತೀರ್ಪಿನಿಂದ ಅದೂ ಬಚಾವಾಯಿತು. ಕೊನೆಗೆ 2020ರಲ್ಲಿ ಪ್ರಾಯೋಜಕರ ಒತ್ತಡ ಬಂದ ಮೇಲೆ ಅವರೇ ಹೆಸರು ಬಿಟ್ಟರು. "ನೀನು ತೆಗೆದ ಬಾಗಿಲಲ್ಲಿ ನೀನೊಬ್ಬನೇ ಒಳಗೆ ಬರಲ್ಲ" ಅಂದಳು. "ನನ್ನ ಪರವಾಗಿ ಪರ್ಮಿಷನ್ ಕೊಡೋಕೆ ನಿನಗೆ ಯಾರು ಹೇಳಿದ್ರು?"

ಯಾರೂ ಮಾತಾಡಲಿಲ್ಲ. ಆಗ ಕೀಪರ್, ಇಷ್ಟು ಹೊತ್ತು ಉಗುರು ಕಚ್ಚುತ್ತಿದ್ದವನು, ಒಂದು ಮಾತು ಹೇಳಿದ. ಅವನಿಗೆ ಅದರ ತೂಕ ಗೊತ್ತಿರಲಿಲ್ಲ ಅನ್ನಿಸುತ್ತೆ. "ನಾನು ಇದೇ ಜರ್ಸಿ ಹಾಕ್ಕೊಂಡು ಊರಿಗೆ ಹೋಗಿದ್ದೆ ಸರ್, ಮೆಜೆಸ್ಟಿಕ್‌ನಿಂದ ಬಸ್‌ನಲ್ಲಿ. ಯಾರೂ ಏನೂ ಅನ್ನಲಿಲ್ಲ. ಕಂಡಕ್ಟರ್ ನೋಡಿ ನಕ್ಕ ಅಷ್ಟೇ." ಕ್ಯಾಪ್ಟನ್ ಕಡೆ ತಿರುಗಿ, "ನಿನಗೆ ಹೊರಗಡೆ ಯಾರಾದ್ರೂ ಏನಾದ್ರೂ ಅಂದ್ರೇನೋ?"

ಕ್ಯಾಪ್ಟನ್ ತಡವಾಗಿ ಉತ್ತರ ಕೊಟ್ಟ. "ನಾನು ಹೊರಗೆ ಹಾಕಿಲ್ಲ."

"ಪಂದ್ಯ ಆದ್ಮೇಲೆ ಟೀಗೆ ಹೋಗ್ತಿದ್ವಲ್ಲ?"

"ಜಾಕೆಟ್ ಹಾಕ್ಕೊಳ್ತಿದ್ದೆ."

ನನಗೆ ಏಪ್ರಿಲ್ ಬಿಸಿಲು, ಕತ್ತಿನವರೆಗೂ ಎಳೆದ ಜಿಪ್ಪು ಕಣ್ಣ ಮುಂದೆ ಬಂತು. ಈ ಪ್ರಕರಣದಲ್ಲಿ ತಿರುವು ಅಂತ ಏನಾದರೂ ಇದ್ದರೆ ಇದೇ. ಒಂದೇ ಬಣ್ಣದ, ಒಂದೇ ಅಕ್ಷರದ ಎರಡು ಜರ್ಸಿ. ಒಂದು ಹಾಸನದವರೆಗೆ ಬಸ್ಸಿನಲ್ಲಿ ಹೋಗಿ ಬಂತು. ಇನ್ನೊಂದು ಕಾಲೇಜು ಗೇಟ್ ದಾಟಲಿಲ್ಲ. ಪದದ ಬಲ ಕಳೆದಿದ್ದೇವೆ ಅಂತ ಅವನು ಹೇಳಿದ್ದು ಸುಳ್ಳಲ್ಲ. ಅವನು ಬಲ್ಲ ಮುಖಗಳ ನಡುವೆ, ಅವನನ್ನು ಬಲ್ಲವರ ನಡುವೆ, ಕಾಂಪೌಂಡ್ ಒಳಗೆ, ಕಳೆದಿತ್ತು.

ಆಮೇಲೆ ಆದದ್ದು

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕ್ಯಾಪ್ಟನ್ ತನ್ನ ಗೆಳೆಯರ ಜೊತೆ ರೂಮಿನಲ್ಲಿ ಆ ಪದ ಆಡುವುದನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ, ಅದು ಅವರ ಅವರಲ್ಲಿನ ಮಾತು. ಆ ರೂಮಿಗೆ ಕೀಪರ್‌ಗೂ ಪ್ರವೇಶ ಇತ್ತು, ಆದರೆ ಭಾನುವಾರದ ನಂತರ ಅವನು ಹೆಸರು ಹಿಡಿದೇ ಕರೆದ. ಯಾರೂ ಹೇಳಿಕೊಟ್ಟಿದ್ದಲ್ಲ. ಯಾಕೋ ಅಂತ ಒಮ್ಮೆ ಕೇಳಿದೆ. "ಸ್ಟೂಡೆಂಟ್ ಪಾಸ್ ಇದ್ದಂಗೆ ಸರ್. ಅವನ ಫೋಟೋ ಇರೋ ಪಾಸಲ್ಲಿ ನಾನು ಬಸ್ ಹತ್ತಕ್ಕಾಗಲ್ಲ" ಅಂದ.

ಹಳದಿ ಜರ್ಸಿಯನ್ನು ತಂಡದವರೇ ಕೈಬಿಟ್ಟರು. ನಾನು ನಿಷೇಧ ಮಾಡಿದಾಗ ಹಟಕ್ಕೆ ಬಿದ್ದಿದ್ದವರು, ತಾವೇ ಮಾತಾಡಿಕೊಂಡಾಗ ಒಂದು ಸಂಜೆಯಲ್ಲಿ ಬಿಟ್ಟರು. ಆದೇಶ ಹೊರಡಿಸುವ ಕುರ್ಚಿಯಲ್ಲಿ ಕೂತವರು ಗಮನಿಸಬೇಕಾದ್ದು ಇದು. ಹಾಗಂತ ನಿಯಮವೇ ಬೇಡ ಅಂತಲ್ಲ. ಹೊಸ ವಿದ್ಯಾರ್ಥಿಗಳಿಗೆ ಯುಜಿಸಿ ನಿಯಮವನ್ನು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಓದಿ ಹೇಳಲು ಶುರು ಮಾಡಿದೆವು. ದೂರು ಕೊಟ್ಟವರು ಯಾರು ಅನ್ನುವ ಸುಳಿವು ಯಾವ ಕಾಗದದಲ್ಲೂ ಬರಬಾರದು ಎಂದು ನಾನೇ ಒಂದು ಸಾಲು ಸೇರಿಸಿದೆ. ಅದು ನನ್ನ ತಪ್ಪಿಗೆ ನಾನೇ ಹಾಕಿಕೊಂಡ ದಂಡ.

ಭಟ್ಟರಿಗೆ ಹೇಳಿದ್ದು ಕನ್ನಡ ಮೇಷ್ಟ್ರು. ಇಡೀ ಪ್ರಕರಣದಲ್ಲಿ ಅತಿ ಜಾಸ್ತಿ ನೊಂದವರಲ್ಲಿ ಅವರೂ ಒಬ್ಬರು. "ಬೈಗುಳ ಅಂತ ಗೊತ್ತಿದ್ರೆ ಅನ್ನದ ಮುಂದೆ ಆಡ್ತಿದ್ನಾ ಸ್ವಾಮಿ?" ಅಂತ ಕಣ್ಣಲ್ಲಿ ನೀರು ಹಾಕಿದರು. ನನಗೆ ಗೊತ್ತಿರಲಿಲ್ಲ ಅಂತ ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. ಹುಡುಗಿ ಊಟಕ್ಕೆ ಬಂದ ದಿನ ಕೌಂಟರ್ ಬಿಟ್ಟು ಈಚೆ ಬಂದು, ಅವಳಿಗೆ ಅರ್ಥವಾಗದ ಕನ್ನಡದಲ್ಲಿ ಏನೇನೋ ಹೇಳಿದರು. ಕೊನೆಗೆ ಎದೆ ಮುಟ್ಟಿಕೊಂಡು ತಮ್ಮ ಹೆಸರು ಹೇಳಿ, ಅವಳ ಕಡೆ ಕೈ ತೋರಿಸಿದರು. ಅವಳು ಹೆಸರು ಹೇಳಿದಳು. ಅವರು ತಪ್ಪಾಗಿ ಉಚ್ಚರಿಸಿದರು. ಅವಳು ತಿದ್ದಿದಳು. ಮೂರನೇ ಸಲಕ್ಕೂ ಸರಿ ಬರಲಿಲ್ಲ, ಹಿಂದೆ ಸಾಲು ಬೆಳೆಯುತ್ತಿತ್ತು.

ಅವಳು ಆ ವರ್ಷ ಮುಗಿದ ಮೇಲೆ ಹಾಸ್ಟೆಲ್ ಬಿಟ್ಟಳು. ತನ್ನ ಕಡೆಯ ಹುಡುಗಿಯರ ಜೊತೆ ಪಿಜಿ ಹಿಡಿದಳು. ಓದು ನಮ್ಮಲ್ಲೇ ಮುಗಿಸಿದಳು. ಕ್ಯಾಪ್ಟನ್ ಜೊತೆ ಅವಳ ಮಾತು ನಮಸ್ಕಾರದಾಚೆ ಹೋಗಲಿಲ್ಲ.

ಮುಂದಿನ ವರ್ಷದ ಜರ್ಸಿ ನೀಲಿ. ಎದೆಯ ಮೇಲೆ ಏನೂ ಇರಲಿಲ್ಲ. ಬೆನ್ನಿನ ಮೇಲೆ ಪ್ರತಿ ಆಟಗಾರನ ಹೆಸರು, ಕನ್ನಡದಲ್ಲೇ. ಭಟ್ಟರು ಓದಲಿ ಅಂತ. ಕೆಲವು ಹೆಸರು ಉದ್ದವಾಗಿ ತೋಳಿನವರೆಗೂ ಹೋಗಿದ್ದವು. ಒಬ್ಬನ ಹೆಸರಲ್ಲಿ ಅಂಗಡಿಯವನು ಒತ್ತಕ್ಷರ ತಪ್ಪು ಮಾಡಿದ್ದ. ಭಟ್ಟರು ವರ್ಷವಿಡೀ ಅವನನ್ನು ಆ ತಪ್ಪು ಹೆಸರಿನಿಂದಲೇ ಕರೆದರು. ಅವನೂ ತಟ್ಟೆ ಚಾಚಿದ.

ಕ್ಯಾಪ್ಟನ್ ಡಿಗ್ರಿ ಮುಗಿಸಿ ಹೊರಡುವ ದಿನ ನನ್ನ ರೂಮಿಗೆ ಬಂದು ಹಳದಿ ಜರ್ಸಿ ಮೇಜಿನ ಮೇಲಿಟ್ಟ. ಒಗೆದು ಇಸ್ತ್ರಿ ಮಾಡಿಸಿದ್ದ. "ಮನೆಗೆ ತಗೊಂಡು ಹೋಗೋಕಾಗಲ್ಲ ಸರ್, ಅಣ್ಣ ಕನ್ನಡ ಓದ್ತಾನೆ" ಅಂದ. ಬಿಸಾಡು ಅಂತಲೂ ಹೇಳಲಿಲ್ಲ, ಇಟ್ಟುಕೊಳ್ಳಿ ಅಂತಲೂ ಹೇಳಲಿಲ್ಲ.

ಅದು ನನ್ನ ಕಪಾಟಿನ ಕೆಳಗಿನ ಅರೆಯಲ್ಲಿತ್ತು. ಮೊನ್ನೆ ಅಟೆಂಡರ್ ಕಪಾಟು ಒರೆಸುವಾಗ ಹೊರಗೆಳೆದು, "ಸರ್, ಹಳೇ ಬಟ್ಟೆ. ಬೋರ್ಡ್ ಒರೆಸೋಕೆ ತಗೊಳ್ಲಾ?" ಅಂದ. ಬೇಡ ಅಂದೆ. ಅವನು ಎದೆಯ ಮೇಲಿನ ಅಕ್ಷರ ಓದಿ ನಗಲು ಬಾಯಿ ತೆರೆದ, ನನ್ನ ಮುಖ ನೋಡಿ ನಿಲ್ಲಿಸಿದ. ನಾನು ಅದನ್ನು ಇಸಿದುಕೊಂಡು, ಅಕ್ಷರ ಒಳಗೆ ಬರುವ ಹಾಗೆ ಮಡಚಿ, ಮತ್ತೆ ಅಲ್ಲೇ ಇಟ್ಟೆ.